ಅಣ್ಣನ ಪುಸ್ತಕದಲ್ಲಿ ಒಂದು ಥರ, ತಂಗಿಯ ಪುಸ್ತಕದಲ್ಲಿ ಇನ್ನೊಂದು ಥರ: ಸಮಾಜ ಪಾಠದೊಳಗಿನ ಧರ್ಮ

ಸಮಾಜದ ಮೇಷ್ಟ್ರು, ಹಾಸನ ಜಿಲ್ಲೆ

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. 8, 9, 10 ಮೂರೂ ತರಗತಿ ನನ್ನದೇ. ಬಹಳ ದಿನದಿಂದ ಮನಸ್ಸಲ್ಲಿ ಕೊರೆಯುತ್ತಿರುವ ವಿಷಯ ಇದು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

2022ರ ಮಳೆಗಾಲ. 9ನೇ ತರಗತಿಯಲ್ಲಿ ಬಸವಣ್ಣನವರ ಪಾಠ ನಡೀತಿತ್ತು. ಒಬ್ಬ ಹುಡುಗಿ ಎದ್ದು ನಿಂತಳು. ಕೈಯಲ್ಲಿ ಎರಡು ಪುಸ್ತಕ. ಒಂದು ಅವಳದು, ಇನ್ನೊಂದು ಅವಳ ಅಣ್ಣನ ಹಳೇ ಪುಸ್ತಕ.

"ಸಾರ್, ಅಣ್ಣನ ಪುಸ್ತಕದಲ್ಲಿ ಬಸವಣ್ಣ ಜನಿವಾರ ಬಿಟ್ಟು ಕೂಡಲಸಂಗಮಕ್ಕೆ ಹೋದ್ರು ಅಂತಿದೆ. ನನ್ನದರಲ್ಲಿ ಉಪನಯನ ಆದಮೇಲೆ ಹೋದ್ರು ಅಂತಿದೆ. ಯಾವುದು ಬರೀಬೇಕು?"

"ನಿನ್ನ ಪುಸ್ತಕದಲ್ಲಿ ಇರೋದನ್ನೇ ಬರಿಯಮ್ಮ" ಅಂದುಬಿಟ್ಟೆ. ಅವಳು ಕೂತಳು. ಆ ಉತ್ತರ ಕೊಟ್ಟಿದ್ದಕ್ಕೆ ನನಗೆ ಇವತ್ತಿಗೂ ಬೇಸರ ಇದೆ. ಅವಳು ಕೇಳಿದ್ದು ಅಂಕದ ಪ್ರಶ್ನೆ ಅಲ್ಲ. ಎರಡು ಪುಸ್ತಕ ಎರಡು ಮಾತು ಹೇಳಿದಾಗ ಯಾವುದನ್ನು ನಂಬೋದು ಅನ್ನೋ ಪ್ರಶ್ನೆ. ಇತಿಹಾಸ ಅಂದರೆ ಆ ಪ್ರಶ್ನೆಯೇ ಅಲ್ವಾ?

ಹಿನ್ನೆಲೆ ನಿಮಗೆಲ್ಲ ಗೊತ್ತಿರುತ್ತದೆ. ಬರಗೂರು ರಾಮಚಂದ್ರಪ್ಪ ಅವರ ಪಠ್ಯಪುಸ್ತಕ ಸಮಿತಿಯ ಪುಸ್ತಕಗಳು 2017ರಲ್ಲಿ ಬಂದವು. 2022ರಲ್ಲಿ ರೋಹಿತ್ ಚಕ್ರತೀರ್ಥ ಅವರ ಸಮಿತಿ ಅವನ್ನು ಪರಿಷ್ಕರಿಸಿತು. ಬಸವಣ್ಣನವರ ಪಾಠಕ್ಕೆ ಸಾಣೇಹಳ್ಳಿ ಶ್ರೀಗಳೂ ಸೇರಿ ಹಲವು ಮಠಾಧೀಶರು ಆಕ್ಷೇಪ ಎತ್ತಿದರು. ಸಾಹಿತಿ ದೇವನೂರ ಮಹಾದೇವ ಅವರು ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆ ವಾಪಸ್ ತಗೊಂಡರು. ಜೂನ್‌ನಲ್ಲಿ ಸಮಿತಿ ವಿಸರ್ಜನೆ ಆಯಿತು, ಕೆಲವು ತಿದ್ದುಪಡಿಯೂ ಬಂತು. 2023ರಲ್ಲಿ ಸರ್ಕಾರ ಬದಲಾಯಿತು, ಮತ್ತೆ ಪಾಠ ಬದಲಾಯಿತು. ಇಷ್ಟರ ಮಧ್ಯೆ ಸೀಮೆಸುಣ್ಣ ಹಿಡಿದು ನಿಂತವರು ನಾವು.

ಆ ಹುಡುಗಿಯ ಪ್ರಶ್ನೆ ಬಿಡಲಿಲ್ಲ. ದಸರಾ ರಜೆಯಲ್ಲಿ ಕೂತು ಹುಡುಕಿದೆ. ಬಸವಣ್ಣನವರ ಜೀವನದ ಕಥೆಯನ್ನು ಕನ್ನಡದಲ್ಲಿ ಮೊದಲು ಬರೆದವನು ಕವಿ ಹರಿಹರ. ಅವನ ರಗಳೆಯಲ್ಲಿ ಬಸವಣ್ಣನಿಗೆ ಜನಿವಾರ ಇತ್ತು. ಅದು ಕರ್ಮದ ಬಳ್ಳಿ ಅಂತ ಕಂಡು, ಕಿತ್ತೆಸೆದು, ಮನೆ ಬಿಟ್ಟು ಸಂಗಮಕ್ಕೆ ನಡೆದ. ತೆಲುಗಿನಲ್ಲಿ ಬರೆದ ಪಾಲ್ಕುರಿಕೆ ಸೋಮನಾಥ ಬೇರೆ ಹೇಳುತ್ತಾನೆ. ಅವನಲ್ಲಿ ಬಾಲಕ ಬಸವ ಉಪನಯನವನ್ನೇ ಒಲ್ಲೆ ಅನ್ನುತ್ತಾನೆ. 1369ರಲ್ಲಿ ಭೀಮಕವಿ ಅದನ್ನೇ ಕನ್ನಡಕ್ಕೆ ತಂದ. ನಮ್ಮ ಹಳ್ಳಿಗಳ ಪುರಾಣ ಪ್ರವಚನಗಳಲ್ಲಿ ಜಾಸ್ತಿ ಕೇಳಿರೋದು ಈ ಕಥೆ.

ಅಂದರೆ ಹಾಕಿಕೊಂಡು ಕಿತ್ತರಾ, ಹಾಕಿಕೊಳ್ಳಲೇ ಇಲ್ವಾ ಅನ್ನೋದರಲ್ಲಿ ಹಳೆಯ ಕವಿಗಳೇ ಒಮ್ಮತದಲ್ಲಿಲ್ಲ. ಆದರೆ ಜನಿವಾರವನ್ನು ಉಳಿಸಿಕೊಳ್ಳಲಿಲ್ಲ ಅನ್ನೋದರಲ್ಲಿ ಇಬ್ಬರೂ ಒಂದೇ. ಇದನ್ನು 14 ವರ್ಷದ ಮಗುವಿಗೆ ಹೇಳೋಕೆ ಹತ್ತು ನಿಮಿಷ ಸಾಕು. ಪುಸ್ತಕದಲ್ಲಿ ಬರೆಯೋಕೆ ಆರು ಸಾಲು ಸಾಕು. ಯಾರಿಗೂ ಅವಮಾನ ಆಗೋದಿಲ್ಲ. ಆದರೆ ಯಾವ ಸಮಿತಿಯೂ ಆ ಆರು ಸಾಲು ಬರೆಯಲಿಲ್ಲ. ಎಲ್ಲರೂ ಕೊಟ್ಟಿದ್ದು ತೀರ್ಪು. ಆಧಾರ ಕೊಡಲಿಲ್ಲ.

ನಿಮ್ಮ ಮನೆಯಲ್ಲಿ, ಶಾಲೆಯಲ್ಲಿ ಏನಾಯಿತು? ಹೇಳಿ.

ಅರ್ಚಕರ ಮನೆಯವನು, ಶಿವಮೊಗ್ಗ

ಮೇಷ್ಟ್ರೇ, ನಮಸ್ಕಾರ. ನೋವು ಒಂದೇ ಕಡೆಯದಲ್ಲ, ಅದನ್ನೂ ಕೇಳಿ.

ನನ್ನ ಮಗ 6ನೇ ತರಗತಿಯಲ್ಲಿದ್ದಾಗ ಹೊಸ ಧರ್ಮಗಳ ಉದಯದ ಪಾಠ ಓದಿ ಮನೆಗೆ ಬಂದ. "ಅಪ್ಪಾ, ನಾವು ಯಜ್ಞದಲ್ಲಿ ಹಾಲು ತುಪ್ಪ ಕಾಳು ಎಲ್ಲ ಸುಟ್ಟು ಜನಕ್ಕೆ ಊಟ ಇಲ್ಲದ ಹಾಗೆ ಮಾಡಿದ್ವಂತೆ, ಹೌದಾ?" ಅಂದ. "ನಾವು" ಅಂದ, ನೋಡಿ. ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು ಹನ್ನೊಂದು ವರ್ಷದ ಹುಡುಗನ ತಲೆ ಮೇಲೆ ಬಂದು ಕೂತಿತ್ತು. ನಮ್ಮಪ್ಪ ಚಿಕ್ಕ ದೇವಸ್ಥಾನದಲ್ಲಿ ಪೂಜೆ ಮಾಡಿಕೊಂಡು, ಬರೀ ತಟ್ಟೆಕಾಸಿನಲ್ಲಿ ನಮ್ಮನ್ನು ಸಾಕಿದವರು. ಅವರ ಎದುರಿಗೇ ಕೇಳಿದ.

2020ರ ಡಿಸೆಂಬರ್‌ನಲ್ಲಿ ಆ ಸಾಲುಗಳನ್ನು ಪಾಠ ಮಾಡಬೇಡಿ, ಕೈಬಿಡಿ ಅಂತ ಸರ್ಕಾರ ಹೇಳಿತು. ಆಗ ನನಗೆ ಸಮಾಧಾನ ಆಗಿದ್ದು ನಿಜ. ಆಮೇಲೆ ಯೋಚನೆ ಬಂತು. ಬುದ್ಧ, ಮಹಾವೀರರು ಯಜ್ಞದಲ್ಲಿ ಪ್ರಾಣಿ ಕೊಲ್ಲೋದನ್ನು ವಿರೋಧಿಸಿದ್ದು ಸುಳ್ಳಲ್ಲ. ಅದನ್ನು ಮುಚ್ಚಿಟ್ಟರೆ ಬೌದ್ಧ ಧರ್ಮ ಯಾಕೆ ಹುಟ್ಟಿತು ಅಂತ ಹೇಳೋದು ಹೇಗೆ? ಹಾಗಂತ ತುಪ್ಪ ಸುಟ್ಟಿದ್ದಕ್ಕೇ ದೇಶಕ್ಕೆ ಆಹಾರದ ಕೊರತೆ ಬಂತು ಅನ್ನೋದಕ್ಕೆ ಆಧಾರ ಬೇಡವೇ?

ಸಮಾಜದ ಮೇಷ್ಟ್ರು, ಹಾಸನ ಜಿಲ್ಲೆ

ಸರ್, ನಿಮ್ಮ ಮಗ "ನಾವು" ಅಂದಿದ್ದು ಓದಿ ಹೊಟ್ಟೆ ಚುರ್ ಅಂತು. ಆ ಪಾಠವನ್ನು ನಾನೂ ಓದಿದ್ದೇನೆ.

ಪಾಳಿ ಗ್ರಂಥಗಳಲ್ಲಿ ಕೂಟದಂತ ಅನ್ನೋ ಬ್ರಾಹ್ಮಣನ ಕಥೆ ಇದೆ. ದೊಡ್ಡ ಯಜ್ಞ ಮಾಡಬೇಕು ಅಂತ ನೂರಾರು ಎತ್ತು, ಕರು, ಆಡು ಕಂಬಕ್ಕೆ ಕಟ್ಟಿಸಿರುತ್ತಾನೆ. ಹೇಗೆ ಮಾಡಬೇಕು ಅಂತ ಕೇಳೋಕೆ ಬುದ್ಧನ ಹತ್ತಿರ ಹೋಗುತ್ತಾನೆ. ಬುದ್ಧ ಅವನನ್ನು ಬೈಯೋದಿಲ್ಲ. ಹಿಂದೆ ಒಬ್ಬ ರಾಜ ಪ್ರಾಣಿ ಕೊಲ್ಲದೆ, ಮರ ಕಡಿಯದೆ, ಆಳುಗಳನ್ನು ಹೊಡೆದು ದುಡಿಸದೆ ಯಜ್ಞ ಮಾಡಿದ ಕಥೆ ಹೇಳುತ್ತಾನೆ. ಕೊನೆಗೆ ಕೂಟದಂತ ಕಟ್ಟಿದ್ದ ಪ್ರಾಣಿಗಳನ್ನೆಲ್ಲ ಬಿಡಿಸುತ್ತಾನೆ.

ಈ ಕಥೆಯನ್ನೇ ಕೊಟ್ಟರೆ ಸಾಕಿತ್ತು. ಇದು ಬೌದ್ಧರು ಬರೆದಿಟ್ಟದ್ದು, ಅವರ ಕಣ್ಣಿನಿಂದ ನೋಡಿದ್ದು ಅಂತ ಒಂದು ಸಾಲು ಸೇರಿಸಿದರೆ ಆಯಿತು. ನಿಮ್ಮ ಮಗ ಕೂಟದಂತನ ಬಗ್ಗೆ ಬಂದು ಕೇಳುತ್ತಿದ್ದ. ತನ್ನ ಬಗ್ಗೆ ಅಲ್ಲ.

ಕುಡ್ಲದಿಂದ

ಇಲ್ಲಿ ಟಿಪ್ಪು ಹೆಸರು ಬರದೆ ಮುಗಿಯುವುದಿಲ್ಲ. ಹಾಗಾಗಿ ನಾನೇ ಹೇಳ್ತೇನೆ.

ನಮ್ಮದು ಮಂಗಳೂರಿನ ಕ್ಯಾಥೊಲಿಕ್ ಮನೆ. 1784ರ ಫೆಬ್ರವರಿಯಲ್ಲಿ, ಬೂದಿ ಬುಧವಾರದ ದಿನ, ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರಿದ್ದಾರೆ, ಸೆರೆಯಲ್ಲಿ ಸತ್ತವರಿದ್ದಾರೆ. ಮಿಲಾಗ್ರಿಸ್ ಚರ್ಚನ್ನು ಕೆಡವಿದರು. ಉಳಿದವರು ವಾಪಸ್ ಬಂದಿದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ನಮ್ಮಜ್ಜಿ ಈ ಕಥೆಯನ್ನು ಕೊಂಕಣಿಯಲ್ಲಿ, ತಗ್ಗಿದ ಸ್ವರದಲ್ಲಿ ಹೇಳ್ತಿದ್ದರು.

ನಾನು ಶಾಲೆಯಲ್ಲಿ ಓದಿದ ಪಾಠದಲ್ಲಿ ರಾಕೆಟ್ ಇತ್ತು, ರೇಷ್ಮೆ ಇತ್ತು, ಬ್ರಿಟಿಷರ ವಿರುದ್ಧದ ಯುದ್ಧ ಇತ್ತು. ಎಲ್ಲ ಸತ್ಯವೇ. ನಮ್ಮಜ್ಜಿ ಹೇಳಿದ್ದು ಮಾತ್ರ ಇರಲಿಲ್ಲ. ಮನೆಯಲ್ಲಿ ಕೇಳಿದ್ದು ಪುಸ್ತಕದಲ್ಲಿ ಇಲ್ಲದಿದ್ದರೆ ಮಗು ಎರಡರಲ್ಲಿ ಒಂದು ಸುಳ್ಳು ಅಂದುಕೊಳ್ತದೆ ಮಾರಾಯ್ರೇ.

ಆದರೆ ಇನ್ನೊಂದು ಮಾತೂ ಹೇಳಬೇಕು. ಈಗ ಕೆಲವರು ನಮ್ಮ ಸೆರೆಯ ಕಥೆ ಎತ್ತಿಕೊಂಡು ಇವತ್ತಿನ ಮುಸ್ಲಿಮರ ಮೇಲೆ ಬೊಟ್ಟು ಮಾಡ್ತಾರೆ. ನಮ್ಮಜ್ಜಿ ಹಾಗೆ ಹೇಳಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ಪಕ್ಕದ ಮನೆಯ ಬ್ಯಾರಿ (ನಮ್ಮ ಕರಾವಳಿಯ ಮುಸ್ಲಿಂ) ಬಾಯಿಯ ಜೊತೆ ಅವರು ದಿನಾ ಸಂಜೆ ಕೂತು ಮೀನಿನ ರೇಟಿನ ಬಗ್ಗೆ ಮಾತಾಡ್ತಿದ್ದರು.

ಪಟ್ಟಣದ ತಾಯಿ

ಕುಡ್ಲದ ಅಕ್ಕ, ನಿಮ್ಮ ಕೊನೆಯ ಮಾತಿಗೆ ಶುಕ್ರಿಯಾ. ನಾವು ಶ್ರೀರಂಗಪಟ್ಟಣದ ಹತ್ತಿರದವರು.

ನನ್ನ ಮಗನ ತರಗತಿಯಲ್ಲಿ ಟಿಪ್ಪು ಪಾಠ ಬಂದ ದಿನ ಹಿಂದಿನ ಬೆಂಚಿನಿಂದ ಒಬ್ಬ "ನಿಮ್ಮ ತಾತ" ಅಂದನಂತೆ. ಎಲ್ಲರೂ ನಕ್ಕರಂತೆ. ಮೇಡಂ ಕೇಳಿಸಿಕೊಳ್ಳದವರ ಹಾಗೆ ಮುಂದಿನ ಪ್ಯಾರಾ ಓದಿದರಂತೆ. ಆ ಮೇಲೆ ಅವನು ಸಮಾಜ ಪೀರಿಯಡ್‌ನಲ್ಲಿ ತಲೆ ಎತ್ತಲಿಲ್ಲ. ಗಣಿತದಲ್ಲಿ 90 ತೆಗೆಯುವ ಹುಡುಗ ಸಮಾಜದಲ್ಲಿ 40ಕ್ಕೆ ಬಂದ. ಕೇಳಿದರೆ "ಆ ಬುಕ್ ತೆಗೆಯೋಕೆ ಇಷ್ಟ ಇಲ್ಲ ಅಮ್ಮಿ" ಅನ್ನುತ್ತಾನೆ.

ಪುಸ್ತಕದಲ್ಲಿ ಟಿಪ್ಪುವನ್ನು ಹೊಗಳಬೇಕು ಅಂತ ನಾನು ಕೇಳ್ತಿಲ್ಲ. ಕ್ರೈಸ್ತರ ಸೆರೆಯೂ ಇರಲಿ, ಕೊಡಗಿನವರನ್ನು ಸೆರೆ ಹಿಡಿದಿದ್ದೂ ಇರಲಿ, ಟಿಪ್ಪು ಕಾಲದ ಕೊಲೆಗಳ ನೆನಪಿಗೆ ಮೇಲುಕೋಟೆಯ ಮಂಡಯಂ ಅಯ್ಯಂಗಾರರು ನರಕ ಚತುರ್ದಶಿ ಮಾಡುವುದಿಲ್ಲ ಅನ್ನೋದೂ ಇರಲಿ. ಶೃಂಗೇರಿಯ ಕಾಗದಗಳೂ ಇರಲಿ. ಎಲ್ಲ ಒಟ್ಟಿಗೆ ಇದ್ದರೆ ಅವನು ಒಬ್ಬ ಹಳೇ ಕಾಲದ ರಾಜ ಆಗುತ್ತಾನೆ. ನನ್ನ ಮಗನ ತಾತ ಆಗುವುದಿಲ್ಲ.

ಮಲೆನಾಡ ದಾರಿ

ಶೃಂಗೇರಿ ಕಾಗದ ಅಂದರೆ ಏನು? ಕೇಳಿದ್ದೇನೆ, ಸರಿಯಾಗಿ ಗೊತ್ತಿಲ್ಲ.

ಸಮಾಜದ ಮೇಷ್ಟ್ರು, ಹಾಸನ ಜಿಲ್ಲೆ

1791ರಲ್ಲಿ ಮರಾಠ ಸೈನ್ಯದ ಕುದುರೆ ದಂಡು ಶೃಂಗೇರಿಗೆ ನುಗ್ಗಿ ಮಠ ಲೂಟಿ ಮಾಡಿತು. ಶಾರದಾಂಬೆಯ ವಿಗ್ರಹಕ್ಕೂ ಧಕ್ಕೆ ಆಯಿತು. ಆಗಿನ ಸ್ವಾಮಿಗಳು ಟಿಪ್ಪುವಿಗೆ ಬರೆದರು. ಅವನು ಮತ್ತೆ ಪ್ರತಿಷ್ಠೆ ಮಾಡಿಸಲು ಬಿದನೂರಿನ ಅಧಿಕಾರಿಯಿಂದ 200 ರಾಹತಿ (ಆಗಿನ ನಾಣ್ಯ) ನಗದು, 200 ರಾಹತಿಯ ಧಾನ್ಯ ಕೊಡಿಸಿದ. ಆ ಕಾಗದಗಳು ಕನ್ನಡದಲ್ಲಿವೆ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರು ಮಠದಲ್ಲಿ ಅವನ್ನು ನೋಡಿ ಬೆಳಕಿಗೆ ತಂದರು. ಸುಮಾರು 30 ಇವೆ.

ಒಬ್ಬನೇ ದೊರೆ. 1784ರಲ್ಲಿ ಚರ್ಚ್ ಕೆಡವಿಸಿದ, 1791ರಲ್ಲಿ ದೇವಿಯ ಪ್ರತಿಷ್ಠೆಗೆ ಹಣ ಕೊಟ್ಟ. ನಾನು ಈ ಎರಡನ್ನೂ ಬೋರ್ಡ್ ಮೇಲೆ ಅಕ್ಕಪಕ್ಕ ಬರೆಯುತ್ತೇನೆ. ಮಕ್ಕಳೇ "ಯಾಕೆ ಸಾರ್?" ಅಂತ ಕೇಳುತ್ತಾರೆ. ಆಗ ಪಾಠ ಶುರುವಾಗುತ್ತದೆ. ಯಾರು ಬ್ರಿಟಿಷರ ಕಡೆ ಅಂತ ಅವನಿಗೆ ಅನುಮಾನ ಇತ್ತು, ಯಾರ ಬೆಂಬಲ ಬೇಕಿತ್ತು, ಯುದ್ಧ ಯಾವ ಹಂತದಲ್ಲಿತ್ತು, ಅವನ ನಂಬಿಕೆಯ ಪಾಲೆಷ್ಟು. ಹಿಂದಿನ ಬೆಂಚಿನವನಿಗೂ ಆಗ ಕೇಳೋಕೆ ಪ್ರಶ್ನೆ ಇರುತ್ತದೆ, ಆಡಿಕೊಳ್ಳೋಕೆ ಹೊತ್ತಿರುವುದಿಲ್ಲ.

ಪಟ್ಟಣದ ತಾಯಿ, ನಿಮ್ಮ ಮಗನಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ. ಸಮಾಜ ಪುಸ್ತಕ ಅವನದೂ ಹೌದು.

ಕೋರ್ಟ್ ಹಾಲ್ ಮೂರು

ನಾನು ವಕೀಲೆ. ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡ್ತೀನಿ, ಯಾಕೆಂದರೆ ಜನ ಇಲ್ಲಿ ಎಡವುತ್ತಾರೆ.

ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಸಂವಿಧಾನದ 28ನೇ ವಿಧಿ. ಆದರೆ ಧರ್ಮದ ಬಗ್ಗೆ ಪಾಠ ಮಾಡಬಾರದು ಅಂತ ಅರ್ಥ ಅಲ್ಲ. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಎಲ್ಲ ಧರ್ಮಗಳ ವಿಚಾರ, ತತ್ವ ತಿಳಿಸೋದು ಬೇರೆ, ಪೂಜೆ ಆಚರಣೆ ಕಲಿಸೋದು ಬೇರೆ ಅಂತ. ಹಾಗಾಗಿ ಮೇಷ್ಟ್ರು ಹರಿಹರನ ರಗಳೆ ತಂದು ಓದಿಸಿದರೆ ಅದು ಧಾರ್ಮಿಕ ಬೋಧನೆ ಆಗೋದಿಲ್ಲ. ಧೈರ್ಯವಾಗಿ ಓದಿಸಿ.

ಕಷ್ಟ ಇರೋದು ಬೇರೆ ಕಡೆ. ಪಠ್ಯ ಯಾರು ಬರೀಬೇಕು, ಬದಲಾಯಿಸುವ ಮುಂಚೆ ಯಾರನ್ನು ಕೇಳಬೇಕು, ಯಾಕೆ ಬದಲಾಯಿತು ಅಂತ ಜನರಿಗೆ ಹೇಳಬೇಕಾ, ಇದಕ್ಕೆಲ್ಲ ಗಟ್ಟಿಯಾದ ಕಾನೂನಿನ ಕಟ್ಟು ಇಲ್ಲ. ಹೆಚ್ಚಿನದು ಸರ್ಕಾರಿ ಆದೇಶದಲ್ಲೇ ನಡೆಯುತ್ತದೆ. ಆದೇಶ ಹೊರಡಿಸೋಕೆ ಒಂದು ಸಂಜೆ ಸಾಕು.

ಎಸ್ಸೆಸ್ಸೆಲ್ಸಿ 2023

ನಾನು ಆ ಗಲಾಟೆ ವರ್ಷದ ಹತ್ತನೇ ಕ್ಲಾಸ್ ಬ್ಯಾಚ್. ಶಾಲೆ ಮೇ ತಿಂಗಳಲ್ಲೇ ಶುರುವಾಯಿತು. ಪುಸ್ತಕ ಲೇಟಾಗಿ ಬಂತು. ಅಷ್ಟರಲ್ಲಿ ನಾವು ಟಿವಿಯಲ್ಲಿ ನಮ್ಮ ಪಾಠಗಳ ಬಗ್ಗೆ ಎಲ್ಲ ಜಗಳ ನೋಡಿ ಆಗಿತ್ತು. ಕನ್ನಡ ಪುಸ್ತಕದಲ್ಲಿ ಆರೆಸ್ಸೆಸ್ ಸ್ಥಾಪಕ ಹೆಡಗೇವಾರ್ ಅವರ ಪಾಠ ನಾವು ಓದಿದ್ವಿ. ಮುಂದಿನ ವರ್ಷ ನನ್ನ ತಮ್ಮನ ಪುಸ್ತಕದಲ್ಲೂ ಅದು ಅಚ್ಚಾಗಿ ಬಂದಿತ್ತು, ಆದರೆ ಮಾಡಬೇಡಿ ಅಂತ ಆದೇಶ. ಬದಲಿಗೆ ಪೂರಕ ಪಠ್ಯ ಅಂತ ತೆಳ್ಳಗಿನ ಪುಸ್ತಕ ಬಂತು. ಕೆಳಗಿನ ತರಗತಿಯವರಿಗೆ ಸಾವಿತ್ರಿಬಾಯಿ ಫುಲೆ ಪಾಠ, ನೆಹರೂ ಮಗಳಿಗೆ ಬರೆದ ಪತ್ರ ವಾಪಸ್ ಬಂದವು.

ನನಗೆ ನಿಜಕ್ಕೂ ಅನಿಸಿದ್ದು ಹೇಳ್ತೀನಿ. ಯಾವ ಪಾಠ ಒಳ್ಳೇದು ಅಂತ ನಮ್ಮನ್ನು ಯಾರೂ ಕೇಳಲಿಲ್ಲ. ನಾವು ಓದಿದ್ದು ಯಾಕೆ ತಪ್ಪು, ತಮ್ಮ ಓದಿದ್ದು ಯಾಕೆ ಸರಿ ಅಂತ ಒಬ್ಬರೂ ಹೇಳಲಿಲ್ಲ. "ಪರೀಕ್ಷೆಗೆ ಬರುತ್ತೆ, ಬರಲ್ಲ" ಇಷ್ಟೇ. ತಮ್ಮನ ಕ್ಲಾಸಲ್ಲಿ ಆ ಪುಟಗಳನ್ನು ಹುಡುಗರು ಪಿನ್ ಹೊಡೆದು ಮುಚ್ಚಿದ್ದರಂತೆ. ನಮ್ಮ ತಮ್ಮ ಪಿನ್ ತೆಗೆದು ಮೊದಲು ಓದಿದ್ದೇ ಅದನ್ನು.

ಫ್ರೀಮಾಂಟ್ ಕನ್ನಡತಿ

ಕ್ಯಾಲಿಫೋರ್ನಿಯಾದಿಂದ ಬರೀತಿದ್ದೀನಿ. ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಇಲ್ಲಿ 6ನೇ ತರಗತಿಯಲ್ಲಿ ಪ್ರಾಚೀನ ಭಾರತದ ಪಾಠ ಬರುತ್ತೆ. 2005ರಲ್ಲಿ ಆ ಪುಸ್ತಕಗಳ ಪರಿಷ್ಕರಣೆ ಆದಾಗ ಇಲ್ಲಿನ ಕೆಲವು ಹಿಂದೂ ಸಂಘಟನೆಗಳು ನೂರಾರು ತಿದ್ದುಪಡಿ ಕೊಟ್ಟವು. ಕೆಲವು ನ್ಯಾಯವಾದವು. ನಮ್ಮ ದೇವರ ಬಗ್ಗೆ ಹಗುರವಾಗಿ ಬರೆದ ಸಾಲುಗಳಿದ್ದವು. ಬೇರೆ ಧರ್ಮಗಳಿಗೆ ಕೊಟ್ಟ ಮರ್ಯಾದೆ ನಮಗೆ ಇರಲಿಲ್ಲ. ಮಕ್ಕಳನ್ನು ಹಸು, ಕೋತಿ ಅಂತ ಆಡಿಕೊಳ್ಳೋದು ಇವತ್ತಿಗೂ ಇದೆ, ನನ್ನ ಮಗಳೂ ಅನುಭವಿಸಿದ್ದಾಳೆ.

ಆದರೆ ಇನ್ನು ಕೆಲವು ತಿದ್ದುಪಡಿ ನೋಡಿ. ಆ ಕಾಲದಲ್ಲಿ ಗಂಡಸರಿಗೆ ಹೆಂಗಸರಿಗಿಂತ ಜಾಸ್ತಿ ಹಕ್ಕು ಇತ್ತು ಅನ್ನೋ ಸಾಲನ್ನು, ಗಂಡಸರ ಧರ್ಮ ಮತ್ತು ಹಕ್ಕುಗಳು ಬೇರೆ ಥರ ಇದ್ದವು ಅಂತ ಬದಲಾಯಿಸಿ ಅಂದರು. ಇದಕ್ಕೆ ಹಾರ್ವರ್ಡ್‌ನ ಮೈಕೆಲ್ ವಿಟ್ಜೆಲ್ ಸೇರಿ ಬಹಳ ವಿದ್ವಾಂಸರು ವಿರೋಧ ಮಾಡಿದರು, ಇಲ್ಲಿನ ದಲಿತ ಗುಂಪುಗಳೂ ಮಾಡಿದವು. ವಿವಾದದ ತಿದ್ದುಪಡಿಗಳಲ್ಲಿ ಹೆಚ್ಚಿನವು ಬಿದ್ದುಹೋದವು. 2006ರಲ್ಲಿ ವಿಷಯ ಕೋರ್ಟಿಗೂ ಹೋಯಿತು. 2016ರಲ್ಲಿ ಮತ್ತೆ ಅದೇ ಜಗಳ. ಈ ಸಲ ಭಾರತ ಅನ್ನಬೇಕಾ, ದಕ್ಷಿಣ ಏಷ್ಯಾ ಅನ್ನಬೇಕಾ ಅಂತ. ಟೆಕ್ಸಾಸ್‌ನಲ್ಲಂತೂ ಅಮೆರಿಕದ ಸಂವಿಧಾನದ ಹಿಂದಿನ ಪ್ರಭಾವಗಳ ಪಟ್ಟಿಯಲ್ಲಿ ಬೈಬಲ್‌ನ ಮೋಶೆ ಇರಬೇಕಾ ಅಂತ ವರ್ಷಗಟ್ಟಲೆ ವಾದ ನಡೆದಿದೆ.

ಇಲ್ಲಿ ಒಂದು ವಿಷಯ ಮಾತ್ರ ನನಗೆ ಹಿಡಿಸಿತು. ವಿಚಾರಣೆ ಬಹಿರಂಗ. ಯಾರು ಬೇಕಾದರೂ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಗಿ ಸಾಲಲ್ಲಿ ನಿಂತು ಮಾತಾಡಬಹುದು. 2016ರಲ್ಲಿ ನಾನೂ ಹೋಗಿದ್ದೆ. ನನ್ನ ಹಿಂದೆ ನಿಂತಿದ್ದ ತಮಿಳು ಹುಡುಗಿ ನಾನು ಹೇಳಿದ್ದಕ್ಕೆ ಪೂರ್ತಿ ವಿರುದ್ಧ ಹೇಳಿದಳು. ತನ್ನ ಮನೆಯಲ್ಲಿ ಜಾತಿ ಹೇಗೆ ಸುಟ್ಟಿತು ಅಂತ ಹೇಳಿ ಅತ್ತಳು. ನಾನು ಬರೆದುಕೊಂಡು ಹೋಗಿದ್ದ ಚೀಟಿಯಲ್ಲಿ ಜಾತಿಯ ಸಾಲು ತೆಗೀರಿ ಅಂತ ಇತ್ತು. ಅವತ್ತಿನಿಂದ ಆ ಮಾತು ನಾನು ಹೇಳಿಲ್ಲ.

ಮಲೆನಾಡ ದಾರಿ

ಎಲ್ಲ ಸರಿ. ಆದರೆ ಮೇಷ್ಟ್ರೇ, ಒಂದು ಅನುಮಾನ. ಎಲ್ಲದಕ್ಕೂ "ಎರಡು ಕಥೆ ಇದೆ, ನೀನೇ ನೋಡಿಕೋ" ಅಂದರೆ ಮಗು ಏನನ್ನೂ ನಂಬದ ಹಾಗೆ ಆಗೋದಿಲ್ವಾ? ಚಿಕ್ಕ ಮಕ್ಕಳಿಗೆ ಕೈಹಿಡಿಯೋಕೆ ಏನಾದರೂ ಬೇಕು. ನಮ್ಮ ಕಾಲದಲ್ಲಿ ವಿದ್ಯಾರಣ್ಯರು ಹಕ್ಕಬುಕ್ಕರಿಗೆ ವಿಜಯನಗರ ರಾಜ್ಯ ಕಟ್ಟಿಸಿದರು ಅಂತ ಓದಿದ್ವಿ. ಮೈ ಜುಂ ಅಂತಿತ್ತು. ಅದೂ ಸುಳ್ಳಾ ಈಗ?

ಸಮಾಜದ ಮೇಷ್ಟ್ರು, ಹಾಸನ ಜಿಲ್ಲೆ

ನಿಮ್ಮ ಅನುಮಾನ ನನಗೂ ಇತ್ತು. ಸುಮ್ನೆ ಎರಡು ಕಥೆ ಎದುರಿಗಿಟ್ಟು ಎದ್ದು ಹೋದರೆ ಖಂಡಿತ ಹಾಗಾಗುತ್ತದೆ. ತೂಗೋದು ಹೇಗೆ ಅಂತಲೂ ಹೇಳಿಕೊಡಬೇಕು. ಯಾವುದು ಹಳೆಯದು, ಯಾರು ಬರೆಸಿದ್ದು, ಅವರಿಗೇನು ಬೇಕಿತ್ತು.

ನೀವು ಹೇಳಿದ ವಿದ್ಯಾರಣ್ಯರ ವಿಷಯವನ್ನೇ ತಗೊಳ್ಳಿ. 1346ರ ಶೃಂಗೇರಿ ಶಾಸನದಲ್ಲಿ ಹರಿಹರ (ಕವಿ ಅಲ್ಲ, ನೀವು ಹೇಳಿದ ಹಕ್ಕ) ಮತ್ತು ಅವನ ತಮ್ಮಂದಿರು ಅಲ್ಲಿಗೆ ಬಂದು ದತ್ತಿ ಬಿಟ್ಟಿದ್ದು ಇದೆ. ದತ್ತಿ ಹೋಗಿದ್ದು ಆಗಿನ ಸ್ವಾಮಿಗಳಾದ ಭಾರತೀ ತೀರ್ಥರಿಗೆ. ವಿದ್ಯಾರಣ್ಯರು ಪೀಠಕ್ಕೆ ಬಂದಿದ್ದು ಅದಾದ ಎಷ್ಟೋ ವರ್ಷದ ಮೇಲೆ. ರಾಜ್ಯವನ್ನೇ ಅವರು ಸ್ಥಾಪಿಸಿದರು ಅನ್ನೋ ಕಥೆ ನಂತರದ ಗ್ರಂಥಗಳಲ್ಲಿ ಬೆಳೆದಿದ್ದು ಅಂತ ಇತಿಹಾಸಕಾರ ಫಾದರ್ ಹೆರಾಸ್ 1929ರಲ್ಲೇ ವಾದಿಸಿದರು, ಒಪ್ಪದವರೂ ಇದ್ದಾರೆ. ಹಕ್ಕಬುಕ್ಕರ ಸಂಗಮ ವಂಶಕ್ಕೂ ಶೃಂಗೇರಿಗೂ ಗಟ್ಟಿ ನಂಟು ಇದ್ದಿದ್ದು ಶಾಸನದ ಮಾತು. ಅಷ್ಟನ್ನು ಮಗು ಗಟ್ಟಿಯಾಗಿ ಹಿಡಿದುಕೊಳ್ಳಬಹುದು. ಉಳಿದದ್ದನ್ನು ಕಥೆ ಅಂತಲೇ ಹೇಳಿ, ಮೈ ಜುಂ ಅನ್ನಲಿ, ಏನೂ ತಪ್ಪಿಲ್ಲ.

ನಮ್ಮ ಜಿಲ್ಲೆಯದೂ ಹೀಗೇ. ಚಂದ್ರಗುಪ್ತ ಮೌರ್ಯ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ (ಉಪವಾಸದಿಂದ ದೇಹ ಬಿಡುವ ಜೈನ ವ್ರತ) ಮಾಡಿದ ಅಂತ ಎಲ್ಲ ಸಮಿತಿಯ ಪುಸ್ತಕವೂ ಹೇಳುತ್ತದೆ. ಚಿಕ್ಕಬೆಟ್ಟದ ಅತಿ ಹಳೆಯ ಶಾಸನ ಸುಮಾರು 600ನೇ ಇಸವಿಯದು, ಅಂದರೆ ಚಂದ್ರಗುಪ್ತನ ಒಂಬತ್ತು ನೂರು ವರ್ಷದ ಮೇಲೆ. ಅದರಲ್ಲಿ ಜೈನ ಮುನಿ ಭದ್ರಬಾಹು ಇದ್ದಾರೆ, ಉಜ್ಜಯಿನಿ ಇದೆ, ಹನ್ನೆರಡು ವರ್ಷದ ಬರಗಾಲ ಇದೆ. ಬೆಟ್ಟದ ಮೇಲೆ ದೇಹ ಬಿಟ್ಟವರ ಹೆಸರು ಪ್ರಭಾಚಂದ್ರ. ಇವರೇ ಚಂದ್ರಗುಪ್ತ ಅಂತ ಶಾಸನ ತಜ್ಞ ರೈಸ್ ಅವರು ನಂಬಿದರು, ಇನ್ನೊಬ್ಬ ತಜ್ಞ ಫ್ಲೀಟ್ ಅವರು ಒಪ್ಪಲಿಲ್ಲ. ಇದಕ್ಕೆ ಯಾರೂ ಬೀದಿಗೆ ಇಳಿದಿಲ್ಲ. ಜೈನ ಮಕ್ಕಳ ಎದುರಿಗೇ ನಾನು ಇದನ್ನು ಹೇಳಿದ್ದೇನೆ. ಒಬ್ಬ ಹುಡುಗ ಮನೆಗೆ ಹೋಗಿ ತಾತನನ್ನು ಕೇಳಿಕೊಂಡು ಬಂದ. ಮಾರನೇ ದಿನ ತಾತನೇ ಶಾಲೆಗೆ ಬಂದರು, ಜಗಳಕ್ಕಲ್ಲ, ತಮ್ಮಲ್ಲಿದ್ದ ಶಾಸನದ ಪುಸ್ತಕ ಕೊಡೋಕೆ.

ಆ ಪುಸ್ತಕದಲ್ಲೇ ನನಗೆ 1368ರ ಬುಕ್ಕರಾಯನ ಶಾಸನ ಸಿಕ್ಕಿದ್ದು. ಜೈನರು ಬಂದು ಶ್ರೀವೈಷ್ಣವರಿಂದ ಅನ್ಯಾಯ ಆಗ್ತಿದೆ ಅಂತ ದೂರು ಕೊಟ್ಟರು. ರಾಜ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಯ ಆಚಾರ್ಯರನ್ನೆಲ್ಲ ಸೇರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಕ್ಕೂ ಭೇದ ಇಲ್ಲ ಅಂದ. ಜೈನರಿಗೆ ಮೊದಲಿನ ಹಾಗೇ ಪಂಚಮಹಾವಾದ್ಯ, ಕಳಶ ಸಲ್ಲಬೇಕು ಅಂದ. ಬೆಳಗೊಳದ ದೇವರ ಕಾವಲಿಗೆ ವೈಷ್ಣವರೇ ಇಪ್ಪತ್ತು ಆಳು ಇಡಬೇಕು, ಅದಕ್ಕೆ ಜೈನರ ಮನೆಗೊಂದು ಹಣ (ಆಗಿನ ನಾಣ್ಯ) ವರ್ಷಕ್ಕೆ, ಮಿಕ್ಕಿದ್ದರಲ್ಲಿ ಬಸದಿಗಳಿಗೆ ಸುಣ್ಣ. ಜಗಳ ಇತ್ತು ಅನ್ನೋದನ್ನೂ ಕಲ್ಲು ಮುಚ್ಚಿಟ್ಟಿಲ್ಲ, ಬಗೆಹರಿಸಿದ್ದನ್ನೂ ಮರೆತಿಲ್ಲ. ಮಕ್ಕಳು ಇಪ್ಪತ್ತು ಆಳಿನ ಸಂಬಳದ ಲೆಕ್ಕ ಹಾಕೋಕೆ ಕೂತಿದ್ದರು.

ಅರ್ಚಕರ ಮನೆಯವನು, ಶಿವಮೊಗ್ಗ

ಆ ಕಲ್ಲು ಈಗಲೂ ಅಲ್ಲೇ ಇದೆಯಾ? ಹೋದವಾರವೇ ಹೋಗಿ ಬಂದ್ವಿ, ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಇಳಿದುಬಿಟ್ವಿ. ಯಾರೂ ಹೇಳಲಿಲ್ಲ.

ಸಮಾಜದ ಮೇಷ್ಟ್ರು, ಹಾಸನ ಜಿಲ್ಲೆ

ಇದೆ ಸರ್. ಊರೊಳಗೆ ಭಂಡಾರಿ ಬಸದಿಯಲ್ಲಿ. ಬೆಟ್ಟ ಹತ್ತೋದೇ ಬೇಡ.

ಪಟ್ಟಣದ ತಾಯಿ

ಮೇಷ್ಟ್ರೇ, ನಮ್ಮಲ್ಲಿಂದ ಬೆಳಗೊಳ ಅಷ್ಟು ದೂರ ಇಲ್ಲ. ನೀವು ಮಕ್ಕಳನ್ನು ಕರೆದುಕೊಂಡು ಹೋಗುವ ದಿನ ಗೊತ್ತಾದರೆ ಹೇಳಿ. ನನ್ನ ಮಗನನ್ನೂ ಕಳಿಸ್ತೀನಿ. ಊಟ ನಾನೇ ಕಟ್ಟಿಕೊಡ್ತೀನಿ.

ಸಮಾಜದ ಮೇಷ್ಟ್ರು, ಹಾಸನ ಜಿಲ್ಲೆ

ಖಂಡಿತ ಅಮ್ಮಾ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲಿನ ಶನಿವಾರ ಅಂದುಕೊಂಡಿದ್ದೇನೆ. ಹೆಡ್‌ಮಾಸ್ಟರ್ ಒಪ್ಪಿದ್ದಾರೆ, ಬಸ್ಸಿನ ಮಾತು ನಡೀತಿದೆ. ಬೆಳಿಗ್ಗೆ ಎಂಟಕ್ಕೆ ಬಸದಿ ಬಾಗಿಲಲ್ಲಿ ಇರುತ್ತೇವೆ. ಅವನಿಗೆ ಒಂದು ನೋಟ್‌ಬುಕ್ಕು, ಪೆನ್ಸಿಲ್ ಕೊಟ್ಟು ಕಳಿಸಿ. ಆವತ್ತು ಎರಡು ಪುಸ್ತಕ ಹಿಡಿದು ನಿಂತಿದ್ದ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ, ಅವಳೂ ಬರುತ್ತೇನೆ ಅಂದಿದ್ದಾಳೆ. ಹಳಗನ್ನಡದ ಸಾಲು ಓದೋಕೆ ಮಕ್ಕಳಿಗೆ ಅವಳೇ ಸಹಾಯ ಮಾಡುತ್ತಾಳೆ.